ಮಾದರಿ ಉಗಿ ಬಾಯ್ಲರ್: ಮೊದಲು ಬೆಂಕಿ, ಆಮೇಲೆ ತಾಮ್ರ

ಸಣ್ಣ ಉಗಿ ಎಂಜಿನ್ನಿಗೆ ಬಾಯ್ಲರ್ ಮಾಡಹೊರಟವರು ಸಾಮಾನ್ಯವಾಗಿ ಪೈಪು ತಂದಿಟ್ಟುಕೊಂಡು ಆಮೇಲೆ ಯಾವುದರಿಂದ ಕಾಯಿಸುವುದೆಂದು ಯೋಚಿಸುತ್ತಾರೆ. ನನ್ನ ಕ್ರಮ ಇದಕ್ಕೆ ತಿರುಗಾಮುರುಗಾ. ಬೆಂಕಿ ಯಾವುದೆಂದು ನಿಕ್ಕಿಯಾದರೆ ಆಕಾರ, ಲೋಹ, ಬೆಸುಗೆ ಮೂರನ್ನೂ ಅದೇ ಹೇಳಿಬಿಡುತ್ತದೆ. ಇಲ್ಲಿರುವುದು 3 ಬಾರ್ ಒತ್ತಡದ, ಅರ್ಧ ಲೀಟರಿನ ಆಸುಪಾಸಿನ, ಅಡ್ಡ ಮಲಗಿದ ಬಾಯ್ಲರಿನ ಲೆಕ್ಕ.

ಇಷ್ಟು ಗಾತ್ರಕ್ಕೆ ಸುಮಾರು 1.5 ಕಿಲೋವ್ಯಾಟ್ ಉರಿ ಬೇಕು. ಡಿನೇಚರ್ಡ್ ಸ್ಪಿರಿಟ್ ಆದರೆ ನಿಮಿಷಕ್ಕೆ 4-5 ಮಿಲೀ, ಬ್ಯೂಟೇನ್ ಆದರೆ 2 ಗ್ರಾಂ. ಸ್ಪಿರಿಟ್ ಸುಲಭ, ಆದರೆ ಬತ್ತಿಯ ದೀಪ ಗಾಳಿಗೆ ತಡೆಯುವುದಿಲ್ಲ, ಬಿಸಿಲಲ್ಲಿ ಜ್ವಾಲೆ ಕಾಣುವುದೂ ಇಲ್ಲ. ಹೆಕ್ಸಮೀನ್ ಎಂಬ ಗಟ್ಟಿ ಇಂಧನದ ಬಿಲ್ಲೆ ಆಟಿಕೆ ಎಂಜಿನ್ನಿಗೆ ಸಾಕು. ಕಲ್ಲಿದ್ದಲಿಗೆ ಫೈರ್‌ಬಾಕ್ಸು, ಬ್ಲೋವರ್ ಎಲ್ಲ ಬೇಕು, ಅದು ಬೇರೆಯೇ ಕೆಲಸ. ನೀರಿನೊಳಗೆ 230 ವೋಲ್ಟ್ ಹೀಟರ್ ಇಳಿಸುವ ಯೋಚನೆಯನ್ನು ಅರ್ಥಿಂಗ್ ಬಗ್ಗೆ ಪೂರ್ತಿ ತಿಳಿದವರಿಗೆ ಬಿಡುವುದು ವಾಸಿ. ನಾನು ಆರಿಸಿಕೊಂಡದ್ದು ಬ್ಯೂಟೇನ್.

ಗ್ಯಾಸ್ ಎಂದಮೇಲೆ ಉರಿ ಒಳಗಿರಬೇಕು, ಅಂದರೆ ನಡುವೆ ಫ್ಲೂ ಕೊಳವೆ. ನಮ್ಮ ಬಚ್ಚಲುಮನೆಯ ಸೌದೆ ಬಾಯ್ಲರಿನ ವಿನ್ಯಾಸವೂ ಇದೇ: ನಡುವೆ ಹೊಗೆ ಕೊಳವೆ, ಸುತ್ತ ನೀರು. ಹಾಗೆಂದು ಅದರ ತೆಳು ತಗಡು ಕತ್ತರಿಸಿ ಬಳಸುವಂತಿಲ್ಲ. ಅದು ಬಾಯಿ ತೆರೆದ ಪಾತ್ರೆ, ಒತ್ತಡ ಕಂಡದ್ದಲ್ಲ.

ಹೊರಮೈಗೆ ಆಸ್ಪತ್ರೆಯ ಆಕ್ಸಿಜನ್ ಲೈನಿಗೆ ಹಾಕುವ 76 ಮಿಮೀ ತಾಮ್ರದ ಪೈಪು, ದಪ್ಪ 1.5 ಮಿಮೀ, ಉದ್ದ 150 ಮಿಮೀ. ಫ್ಲೂಗೆ 28 ಮಿಮೀ ಪೈಪು, ದಪ್ಪ 1.2. ಇವು ಡಿಎಚ್‌ಪಿ ತಾಮ್ರ, ರಂಜಕ ಸೇರಿಸಿ ಆಮ್ಲಜನಕ ತೆಗೆದದ್ದು. ಬಸ್‌ಬಾರಿನಂಥ ವಿದ್ಯುತ್ ಕೆಲಸದ ತಾಮ್ರದಲ್ಲಿ ಆಮ್ಲಜನಕ ಉಳಿದಿರುತ್ತದೆ. ಟಾರ್ಚ್ ಜ್ವಾಲೆಯ ಹೈಡ್ರೋಜನ್ ಒಳಹೊಕ್ಕು ಅದರೊಂದಿಗೆ ಸೇರಿ ಉಗಿಯಾದಾಗ ಲೋಹ ಒಳಗಿನಿಂದಲೇ ಬಿರಿಯುತ್ತದೆ. ಮೇಲ್ನೋಟಕ್ಕೆ ಏನೂ ಕಾಣುವುದಿಲ್ಲ.

3 ಬಾರ್‌ಗೆ ಈ ಹೊರಮೈ ಮೇಲೆ ಬೀಳುವ ಎಳೆತ 7.6 ಮೆಗಾಪಾಸ್ಕಲ್ ಮಾತ್ರ. ಮೆತ್ತಗಾದ ತಾಮ್ರ ತಣ್ಣಗಿರುವಾಗ 200 ತಡೆಯುತ್ತದೆ. ಹಾಗಾಗಿ ಚಿಂತೆ ಪೈಪಿನದ್ದಲ್ಲ, ಚಪ್ಪಟೆ ಮುಚ್ಚಳಗಳದ್ದು. ಫ್ಲೂ ಜಾಗ ಕಳೆದರೂ ಒಂದೊಂದು ಮುಚ್ಚಳವನ್ನು ಉಗಿ ಸುಮಾರು 110 ಕೆಜಿ ಬಲದಿಂದ ಹೊರದಬ್ಬುತ್ತದೆ. 2.5 ಮಿಮೀ ತಾಮ್ರವನ್ನು ಕೆಂಪಗೆ ಕಾಯಿಸಿ, ಮೆತ್ತಗಾದ ಮೇಲೆ ಗಟ್ಟಿ ಮರದ ಅಚ್ಚಿನ ಮೇಲೆ ಬಡಿದು ಅಂಚು ಮಡಿಸಬೇಕು. ಬಡಿಯುತ್ತ ಬಡಿಯುತ್ತ ಸುತ್ತಿಗೆ ಪುಟಿಯತೊಡಗಿದರೆ ತಾಮ್ರ ಮತ್ತೆ ಗಟ್ಟಿಯಾಯಿತೆಂದೇ ಅರ್ಥ. ಇನ್ನೊಮ್ಮೆ ಕಾಯಿಸದೆ ಮುಂದುವರಿದರೆ ಅಂಚು ಸೀಳುತ್ತದೆ. ಫ್ಲೂ ಮೇಲ್ಗಡೆ 5 ಮಿಮೀ ಫಾಸ್ಫರ್ ಬ್ರಾಂಜಿನ ಎರಡು ಸ್ಟೇ ರಾಡುಗಳು ಮುಚ್ಚಳದಿಂದ ಮುಚ್ಚಳಕ್ಕೆ. ವಾಲ್ವ್, ಗೇಜ್ ಕೂರಿಸುವ ಬುಷ್‌ಗಳೂ ಬ್ರಾಂಜೇ. ಹಿತ್ತಾಳೆ ಹಾಕಿದರೆ ಬಿಸಿನೀರು ಅದರ ಸತುವನ್ನು ಎಳೆದುಕೊಂಡು, ಕೆಂಪು ಸ್ಪಂಜಿನಂಥ ಟೊಳ್ಳು ಉಳಿಯುತ್ತದೆ. ಸ್ಟೀಲ್ ತುಕ್ಕು ಹಿಡಿಯುತ್ತದೆ, ಸ್ಟೇನ್‌ಲೆಸ್‌ಗೆ ಕ್ಲೋರೈಡ್ ಇರುವ ನೀರಲ್ಲಿ ಬಿರುಕಿನ ಕಾಟ.

ಬೆಸುಗೆಗೆ ಕ್ಯಾಡ್ಮಿಯಂ ಇಲ್ಲದ ಬೆಳ್ಳಿ ರಾಡೇ ಆಗಬೇಕು. ಸೀಸ-ತವರದ ಬೆಸುಗೆ 183 ಡಿಗ್ರಿಗೆ ಕರಗುತ್ತದೆ, 3 ಬಾರ್ ಉಗಿಯೇ 144 ಡಿಗ್ರಿ. ನೀರು ಸ್ವಲ್ಪ ಇಳಿದರೆ ಕಥೆ ಮುಗಿಯಿತು. ಎಸಿ ಮೆಕ್ಯಾನಿಕ್‌ಗಳ ತಾಮ್ರ-ರಂಜಕದ ರಾಡು ಅಗ್ಗ, ಆದರೆ ಕಲ್ಲಿದ್ದಲ ಹೊಗೆಯ ಗಂಧಕ ಅದನ್ನು ತಿನ್ನುತ್ತದೆ. ಫ್ಲೂ ಮತ್ತು ಅದರೊಳಗೆ ಅಡ್ಡ ಹಾಯುವ 6 ಮಿಮೀ ನೀರಿನ ಕೊಳವೆಗಳಿಗೆ ಮೊದಲು 40 ಶೇಕಡಾ ಬೆಳ್ಳಿಯದು (710 ಡಿಗ್ರಿಗೆ ಪೂರ್ತಿ ಕರಗುತ್ತದೆ), ಮುಚ್ಚಳಗಳಿಗೆ ಆಮೇಲೆ 55 ಶೇಕಡಾದ್ದು (660). ಎರಡನೆಯ ಸುತ್ತಿನಲ್ಲಿ ಮೊದಲನೆಯ ಬೆಸುಗೆ ಬಿಚ್ಚಿಕೊಳ್ಳದಿರಲು ಈ ಅಂತರ. ಸಂದು 0.1 ಮಿಮೀ ಆಸುಪಾಸು ಇರಲಿ. ಜ್ವಾಲೆ ರಾಡಿನ ಮೇಲಲ್ಲ, ತಾಮ್ರದ ಮೇಲೆ. ಸುತ್ತ ಫೈರ್‌ಬ್ರಿಕ್ ಜೋಡಿಸದಿದ್ದರೆ ಸಣ್ಣ ಟಾರ್ಚಿಗೆ ಇಷ್ಟು ತಾಮ್ರ ಕಾಯುವುದೇ ಇಲ್ಲ. ಸಂದಿಗೆ ಹಚ್ಚಿದ ಫ್ಲಕ್ಸ್ (ಬೆಸುಗೆ ಹರಿಯಲು ನೆರವಾಗುವ ಲೇಪ) ಮೊದಲು ಬಿಳಿ ನೊರೆಯಾಗಿ ಉಬ್ಬಿ, ಆಮೇಲೆ ಗಾಜಿನಂತೆ ತಿಳಿಯಾಗುತ್ತದೆ. ಆಗ ರಾಡು ಮುಟ್ಟಿಸಿದರೆ ಸಂದಿನುದ್ದಕ್ಕೂ ಹೊಳೆಯುವ ಗೆರೆ ಓಡುತ್ತದೆ. ಉಂಡೆ ಕಟ್ಟಿ ನಿಂತರೆ ಕಾವು ಸಾಲದು, ಇಲ್ಲವೇ ಕೊಳೆ ಇದೆ. ಕೊನೆಯ ಮುಚ್ಚಳ ಬೆಸೆಯುವಾಗ ಬುಷ್‌ಗಳನ್ನು ಮುಚ್ಚಬೇಡಿ. ಒಳಗಿನ ಗಾಳಿಗೆ ದಾರಿಯಿಲ್ಲದಿದ್ದರೆ ಸಿಡಿಯುತ್ತದೆ. ಆರಿದ ಮೇಲೆ 10 ಶೇಕಡಾ ಸಿಟ್ರಿಕ್ ಆಸಿಡ್ ನೀರಲ್ಲಿ ರಾತ್ರಿಯಿಡೀ ನೆನೆಹಾಕಿದರೆ ಫ್ಲಕ್ಸ್ ಬಿಡುತ್ತದೆ.

ಬಾಯ್ಲರ್ ಕಾಯ್ದೆ 25 ಲೀಟರಿಗಿಂತ ಚಿಕ್ಕದನ್ನು ಬಾಯ್ಲರ್ ಎಂದೇ ಲೆಕ್ಕಿಸುವುದಿಲ್ಲ, ಹಾಗಾಗಿ ಇನ್‌ಸ್ಪೆಕ್ಟರೂ ನಾವೇ. ಗಾಳಿಯ ಗುಳ್ಳೆ ಒಂದೂ ಉಳಿಯದಂತೆ ತಣ್ಣೀರು ತುಂಬಿ, ಕೈಪಂಪಿನಿಂದ 6 ಬಾರ್‌ಗೆ ಏರಿಸಿ ಅರ್ಧ ಗಂಟೆ ಬಿಡಿ. ಮುಳ್ಳು ಇಳಿಯಬಾರದು, ಮುಚ್ಚಳ ಉಬ್ಬಬಾರದು. ಕಂಪ್ರೆಸರ್ ಗಾಳಿಯಿಂದ ಈ ಪರೀಕ್ಷೆ ಖಂಡಿತ ಬೇಡ. ನೀರಾದರೆ ಸೋರುತ್ತದೆ, ಗಾಳಿಯಾದರೆ ಹಾರಿಸುತ್ತದೆ.

ಬರ್ನರ್ ಎಂದರೆ ಫ್ಲೂ ಒಳಗೆ ತೂರುವ ಸ್ಟೇನ್‌ಲೆಸ್ ಕೊಳವೆ, ಮೈಮೇಲೆ ಗರಗಸದಿಂದ ಕೊಯ್ದ ಅರ್ಧ ಮಿಮೀ ಸೀಳುಗಳು, ಹಿಂದೆ ಗ್ಯಾಸ್ ಚಿಮ್ಮುವ 0.2 ಮಿಮೀ ತೂತಿನ ಜೆಟ್. ಚಿಮಣಿ ಕಡೆಯಿಂದ ಹಚ್ಚಿದರೆ ಉರಿ ಹಿಂದೆ ಹಾರಿ ಬರ್ನರಿನಲ್ಲಿ ನಿಲ್ಲುತ್ತದೆ. ಊಳಿಟ್ಟರೆ ಒಳಗೆ ಸ್ಟೇನ್‌ಲೆಸ್ ಜಾಲರಿ ಸುತ್ತಿ ಹಾಕಿ. ಉರಿ ಚಿಮಣಿಯ ಬಾಯಲ್ಲೇ ನಿಂತರೆ ಜೆಟ್ ದೊಡ್ಡದು ಅಥವಾ ಗಾಳಿ ಕಡಿಮೆ. ಮನೆಯ ಎಲ್‌ಪಿಜಿಯಲ್ಲಿ ಪ್ರೊಪೇನ್ ಇರುವುದರಿಂದ ಒತ್ತಡ ಹೆಚ್ಚು. ಬ್ಯೂಟೇನಿಗೆಂದು ಮಾಡಿದ ಸಣ್ಣ ಟ್ಯಾಂಕಿಗೆ ಅದನ್ನು ತುಂಬಬಾರದು. ಬ್ಯೂಟೇನ್ ಆವಿಯಾಗುತ್ತ ಟ್ಯಾಂಕ್ ತಣ್ಣಗಾಗಿ ಉರಿ ಕುಗ್ಗುತ್ತದೆ, ಉಗುರುಬೆಚ್ಚಗಿನ ನೀರಿನ ತಟ್ಟೆಯಲ್ಲಿಟ್ಟರೆ ಸರಿಹೋಗುತ್ತದೆ.

400 ಮಿಲೀ ನೀರು ತುಂಬಿದರೆ ಒತ್ತಡ ಬರಲು ಸುಮಾರು 6 ನಿಮಿಷ. ಆಮೇಲೆ ನಿಮಿಷಕ್ಕೆ 17 ಗ್ರಾಂ ಉಗಿ. ಫ್ಲೂವನ್ನು ನಡುಗೆರೆಗಿಂತ 10 ಮಿಮೀ ಕೆಳಗಿಟ್ಟರೂ 8 ನಿಮಿಷಕ್ಕೆ ಅದರ ನೆತ್ತಿ ನೀರಿನಿಂದ ಹೊರಬರುತ್ತದೆ. ಆದ್ದರಿಂದ ಓಡುತ್ತಿರುವಾಗಲೇ ನೀರು ಸೇರಿಸುವ ಫೀಡ್ ಪಂಪ್ ಇಲ್ಲದಿದ್ದರೆ ಟ್ಯಾಂಕಿಗೆ 24 ಗ್ರಾಂಗಿಂತ ಹೆಚ್ಚು ಗ್ಯಾಸ್ ಹಾಕುವುದಿಲ್ಲ, ತೂಕದ ಯಂತ್ರದ ಮೇಲಿಟ್ಟೇ ತುಂಬುವುದು. ನೀರಿಗಿಂತ ಮೊದಲು ಬೆಂಕಿ ಮುಗಿಯಬೇಕು. ಬೋರ್‌ವೆಲ್ ನೀರು ಬೇಡ, ಅಡ್ಡ ಕೊಳವೆಗಳಲ್ಲಿ ಸುಣ್ಣ ಕಟ್ಟುತ್ತದೆ. ಸೋಸಿದ ಮಳೆನೀರು ಒಳ್ಳೆಯದು.

ಮೊದಲ ಸಲ ಉಗಿ ಏರಿಸಿದಾಗ ಎಂಜಿನ್ನಿನ ವಾಲ್ವ್ ಮುಚ್ಚಿ, ಬರ್ನರ್ ಪೂರ್ತಿ ತೆರೆದು, ಸೇಫ್ಟಿ ವಾಲ್ವ್ ಒಂದೇ ಎಲ್ಲ ಉಗಿಯನ್ನೂ ಹೊರಹಾಕುತ್ತದೆಯೇ ನೋಡಿ. ಮುಳ್ಳು 3.3 ಬಾರ್ ದಾಟಿದರೆ ಆ ವಾಲ್ವ್ ಚಿಕ್ಕದಾಯಿತು, ಬದಲಿಸಿ.