ವಿಜಯನಗರದಿಂದ ಇಂದಿರಾನಗರಕ್ಕೆ ಹನ್ನೊಂದು ಹಾಡು

ವಿಜಯನಗರದಲ್ಲಿ ಮೆಟ್ರೋ ಹತ್ತಿದರೆ ಇಂದಿರಾನಗರ ಹನ್ನೊಂದನೇ ಸ್ಟಾಪ್. ಒಂದರಿಂದ ಇನ್ನೊಂದಕ್ಕೆ ಹೆಚ್ಚುಕಮ್ಮಿ ಎರಡು ನಿಮಿಷ. ರಮೋನ್ಸ್ ಹಾಡುಗಳೂ ಸುಮಾರು ಅಷ್ಟೇ ಉದ್ದ, ಅಲ್ವಾ? ಬಾಗಿಲ ಪಕ್ಕ ಒರಗಿ ನಿಂತಿದ್ದಾಗ ಇದು ಹೊಳೆಯಿತು. ಅವತ್ತು ರಾತ್ರಿಯೇ ಪ್ಲೇಲಿಸ್ಟ್ ಮಾಡಲು ಕೂತೆ.

ಕೇಳದವರಿಗೆ ಎರಡು ಮಾತು. 1974ರಲ್ಲಿ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಹುಟ್ಟಿದ ಪಂಕ್ ಬ್ಯಾಂಡ್ ಇದು. ಪಂಕ್ ಅಂದರೆ ಚುಟುಕಾದ, ವೇಗದ, ಒರಟು ರಾಕ್ ಸಂಗೀತ. ಜೋಯಿ, ಜಾನಿ, ಡೀ ಡೀ, ಟಾಮಿ. ನಾಲ್ವರ ಹೆಸರಿನ ಕೊನೆಗೂ ರಮೋನ್ ಅಂತಿದೆ, ಆದರೆ ಯಾರೂ ಅಣ್ಣತಮ್ಮಂದಿರಲ್ಲ. 1976ರ ಮೊದಲ ಆಲ್ಬಂನಲ್ಲಿ 14 ಹಾಡುಗಳಿವೆ. ಎಲ್ಲಾ ಸೇರಿದರೂ ಅರ್ಧ ಗಂಟೆ ಆಗುವುದಿಲ್ಲ.

ಮೊದಲ ಸಲ ಸುಮ್ನೆ ಇಷ್ಟದ ಹನ್ನೊಂದನ್ನು ಸಾಲಾಗಿ ತುಂಬಿದೆ. ಕೆಟ್ಟಿತು. ಜಾನಿ ಬಹುಪಾಲು ಮೇಲಿಂದ ಕೆಳಕ್ಕೇ ಗಿಟಾರ್ ತಂತಿ ಬಾರಿಸುತ್ತಾನೆ, ಕೈಗೆ ಬಿಡುವೇ ಇಲ್ಲ. ಹಾಗಿರುವ ಐದು ಹಾಡು ಒಂದರ ಹಿಂದೆ ಒಂದು ಬಂದರೆ ಮೆಜೆಸ್ಟಿಕ್ ಹೊತ್ತಿಗೆ ಎಲ್ಲಾ ಒಂದೇ ಮಿಕ್ಸಿ ಸದ್ದು. ಆಮೇಲೆ ದಾರಿ ನೋಡಿಕೊಂಡು ಜೋಡಿಸಿದೆ.

ಶುರುವಿಗೆ ‘ಬ್ಲಿಟ್ಜ್‌ಕ್ರೀಗ್ ಬಾಪ್’, ಅದರಲ್ಲಿ ಚರ್ಚೆಯೇ ಇಲ್ಲ. ಮಾಗಡಿ ರಸ್ತೆ ದಾಟಿದ ಮೇಲೆ ರೈಲು ನೆಲದೊಳಗೆ ಇಳಿಯುತ್ತದೆ. ಅಲ್ಲಿಗೆ, ಮೂರನೆಯದಾಗಿ, ‘ಐ ಡೋಂಟ್ ವಾನ್ನಾ ಗೋ ಡೌನ್ ಟು ದ ಬೇಸ್‌ಮೆಂಟ್’. ಮೊದಲ ದಿನ ಸುರಂಗದ ಕತ್ತಲಿಗೂ ಜೋಯಿಯ ದನಿಗೂ ತಾಳೆಯಾದಾಗ ಒಬ್ಬನೇ ನಕ್ಕೆ. ಎದುರಿಗಿದ್ದ ಅಜ್ಜಿ ಒಂಥರಾ ನೋಡಿದರು. ಮೆಜೆಸ್ಟಿಕ್‌ನಲ್ಲಿ ನೂಕುನುಗ್ಗಲು. ಅಲ್ಲಿಗೆ ‘ಐ ವಾನ್ನಾ ಬಿ ಯುವರ್ ಬಾಯ್‌ಫ್ರೆಂಡ್’, ನಿಧಾನದ ಹಾಡು. ಬ್ಯಾಗನ್ನು ಎದೆಗೆ ಅಪ್ಪಿಕೊಂಡು ನಿಂತವನಿಗೆ ಇದಕ್ಕಿಂತ ಜಾಸ್ತಿ ವೇಗ ಬೇಡ. ಕಬ್ಬನ್ ಪಾರ್ಕ್ ಬಿಟ್ಟು ಮೇಲೆ ಬಂದಾಗ ಬಿಸಿಲು ಕಣ್ಣಿಗೆ ಹೊಡೆಯುತ್ತದೆ. ಆಗ ‘ರಾಕ್‌ಅವೇ ಬೀಚ್’. ಆ ಬೀಚ್ ಇರುವುದೂ ಕ್ವೀನ್ಸ್‌ನಲ್ಲೇ. ನಮಗೆ ಎಂ.ಜಿ. ರಸ್ತೆಯೇ ಬೀಚ್ ಅಂದುಕೊಂಡರಾಯಿತು. ಆಫೀಸಿಗೆ ಮುಂಚಿನ ಕೊನೆಯ ಹಾಡು ‘ಐ ವಾನ್ನಾ ಬಿ ಸೆಡೇಟೆಡ್’, ಅಂದರೆ ನನಗೆ ಮತ್ತು ಬರಿಸಿಬಿಡಿ ಅಂತ. ಕಾರಣ ಹೇಳಬೇಕಾಗಿಲ್ಲ.

ಎರಡು ಕಡೆ ಎಡವಿದೆ. 1977ರ ಡಿಸೆಂಬರ್ 31ರಂದು ಲಂಡನ್ನಿನಲ್ಲಿ ರೆಕಾರ್ಡ್ ಮಾಡಿದ ಲೈವ್ ಆಲ್ಬಂ ‘ಇಟ್ಸ್ ಅಲೈವ್’ನಿಂದ ಎರಡು ಹಾಡು ನಡುವೆ ಹಾಕಿದ್ದೆ. ಅದರಲ್ಲಿ ಹಾಡು ಮುಗಿಯುವ ಮೊದಲೇ ಅನ್ನುವ ಹಾಗೆ ಡೀ ಡೀ ಮುಂದಿನದಕ್ಕೆ ಒನ್ ಟು ತ್ರೀ ಫೋರ್ ಕೂಗುತ್ತಾನೆ. ಬಿಡಿಸಿ ತೆಗೆದರೆ ಬಾಲ ಕತ್ತರಿಸಿದ ಹಾಗೆ. ಆ ಆಲ್ಬಂ ಇಡೀ ಕೇಳುವಂಥದ್ದು, ತೆಗೆದುಬಿಟ್ಟೆ. ಇನ್ನೊಂದು, ಆ್ಯಪ್‌ನಲ್ಲಿ ಕ್ರಾಸ್‌ಫೇಡ್ ಆನ್ ಆಗಿತ್ತು, ಅಂದರೆ ಒಂದು ಹಾಡಿನ ಕೊನೆ ಮುಂದಿನದರ ಶುರುವಿನ ಜೊತೆ ಬೆರೆಯುತ್ತದೆ. ಎರಡು ನಿಮಿಷದ ಹಾಡಿನಲ್ಲಿ ಆರು ಸೆಕೆಂಡ್ ಕಲಸಿಹೋದರೆ ಉಳಿಯುವುದೇನು? ಆಫ್ ಮಾಡಿದೆ. ಹಳೇ ಕಾಪಿ, ರೀಮಾಸ್ಟರ್ (ಹಳೇ ರೆಕಾರ್ಡಿಂಗ್‌ನ ಸದ್ದನ್ನು ಹೊಸದಾಗಿ ಹದ ಮಾಡಿದ್ದು) ಎರಡೂ ಬೆರೆತರೆ ಒಂದು ಹಾಡು ಪಿಸುಗುಟ್ಟುತ್ತದೆ, ಮುಂದಿನದು ಕಿವಿ ಹರಿಯುತ್ತದೆ. ಹಾಗಾಗಿ ಎಲ್ಲಾ ರೀಮಾಸ್ಟರ್‌ಗಳನ್ನೇ ಆರಿಸಿದೆ. ಸುರಂಗದಲ್ಲಿ ನೆಟ್‌ವರ್ಕ್ ನಂಬದೆ ಎಲ್ಲವನ್ನೂ ಡೌನ್‌ಲೋಡ್ ಮಾಡಿಕೊಂಡೆ.

ಸಂಜೆ ವಾಪಸ್ ಬರುವಾಗ ಇದೇ ಪಟ್ಟಿ ನಡೆಯುವುದಿಲ್ಲ. ಆಗ ರೈಲು ಎಂ.ಜಿ. ರಸ್ತೆ ಆದಮೇಲೆ ಇಳಿಯುತ್ತದೆ. ಅಂದರೆ ಬೇಸ್‌ಮೆಂಟ್ ಹಾಡು ನಾಲ್ಕನೆಯದಾಗಬೇಕು, ಬೀಚ್ ಒಂಬತ್ತನೆಯದು. ಅದಕ್ಕೆ ಬೇರೆ ಪಟ್ಟಿ ಮಾಡಿದ್ದೇನೆ.