ಬೋರ್ ನೀರಿನ ಫ್ಲೋರೈಡ್: ಬಣ್ಣ ನೋಡಿ ಹಿಡಿಯುವುದು ಹೇಗೆ?

ಗದಗ ಜಿಲ್ಲೆಯಲ್ಲಿ, ಅದರಲ್ಲೂ ಮುಂಡರಗಿ ಕಡೆ, ಬೋರ್ ನೀರು ಅಂದರೆ ಫ್ಲೋರೈಡ್ ಮಾತು ಬಂದೇ ಬರುತ್ತದೆ. ಇದು ನೆಲದೊಳಗಿನ ಕಲ್ಲಿನಿಂದ ನೀರಿಗೆ ಸೇರುವಂಥದ್ದು. ಕಣ್ಣಿಗೆ ಕಾಣದು, ರುಚಿಯಲ್ಲೂ ಸಿಗದು. ಮಕ್ಕಳ ಹಲ್ಲಿನಲ್ಲಿ ಕಂದು ಕಲೆ ಎದ್ದ ಮೇಲೆ ಗೊತ್ತಾದರೆ ತಡವಾಯಿತು ಅಲ್ವಾ? ನೀರು ಪರೀಕ್ಷಿಸುವ ಪುಟ್ಟ ಪೆಟ್ಟಿಗೆ, ಅಂದರೆ ಫೀಲ್ಡ್ ಕಿಟ್ ಇದ್ದರೆ ಮನೆಯಲ್ಲೇ ನೋಡಬಹುದು. ಜಲಜೀವನ್ ಮಿಷನ್‌ನಲ್ಲಿ ಪ್ರತಿ ಊರಿನ ಐವರು ಮಹಿಳೆಯರಿಗೆ ಇದನ್ನು ಕಲಿಸುವ ಏರ್ಪಾಡಿದೆ. ಪಂಚಾಯಿತಿಯಲ್ಲಿ ವಿಚಾರಿಸಿ.

ಮೊದಲು ಬೋರ್ ಚಾಲೂ ಮಾಡಿ, ಕೆಲ ನಿಮಿಷ ನೀರು ಬಿಡಿ. ಪೈಪಿನಲ್ಲಿ ನಿಂತ ನೀರು ಬೇಡ. ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು ತುಂಬಿ. ಹಲ್ಲುಜ್ಜಿದ ಕೈಯಲ್ಲಿ ಮುಟ್ಟಲೇಬೇಡಿ. ಫ್ಲೋರೈಡ್ ಪೇಸ್ಟಿನ ಒಂದು ಕಿಲೋದಲ್ಲಿ ಸುಮಾರು 1000 ಮಿಲಿಗ್ರಾಂ ಇರುತ್ತದೆ. ನಾವು ಹುಡುಕುವುದು ಲೀಟರಿಗೆ 1 ಮಿಲಿಗ್ರಾಂ ಲೆಕ್ಕದಲ್ಲಿ!

ಕಿಟ್‌ನ ಟ್ಯೂಬಿಗೆ ಗುರುತಿನವರೆಗೆ ನೀರು ಹಾಕಿ. ಚೀಟಿಯಲ್ಲಿ ಹೇಳಿದಷ್ಟೇ ಹನಿ ದ್ರಾವಣ ಬಿಟ್ಟು ಅಲ್ಲಾಡಿಸಿ. ಅದರಲ್ಲಿ ಆಮ್ಲ ಇರುತ್ತದೆ, ಕೈಗೆ ತಾಗಿಸಬೇಡಿ. ಹಲವು ಕಿಟ್‌ಗಳಲ್ಲಿ ಜಿರ್ಕೋನಿಯಂ ಲೋಹ ಒಂದು ಬಣ್ಣದ ಕೈ ಹಿಡಿದಿರುತ್ತದೆ, ಅದಕ್ಕೇ ದ್ರಾವಣ ಗುಲಾಬಿ. ಫ್ಲೋರೈಡ್ ಬಂದರೆ ಜಿರ್ಕೋನಿಯಂ ಅದರ ಜೊತೆ ಹೊರಟುಬಿಡುತ್ತದೆ. ಒಂಟಿಯಾದ ಬಣ್ಣ ಹಳದಿಗೆ ತಿರುಗುತ್ತದೆ. ಹಳದಿ ಹೆಚ್ಚಾದಷ್ಟೂ ಫ್ಲೋರೈಡ್ ಜಾಸ್ತಿ.

ಹೇಳಿದಷ್ಟು ಹೊತ್ತು ಕಾದು, ಹಗಲು ಬೆಳಕಿನಲ್ಲಿ, ಬಿಳಿ ಹಾಳೆ ಹಿಂದೆ ಹಿಡಿದು ಬಣ್ಣದ ಕಾರ್ಡಿನ ಜೊತೆ ಹೋಲಿಸಿ. ಎಲ್‌ಇಡಿ ಬಲ್ಬಿನಡಿ ನೋಡಿದರೆ ಮೋಸ ಹೋಗುತ್ತೀರಿ. 2012ರ ಭಾರತೀಯ ಮಾನಕದಂತೆ 1 ಮಿಲಿಗ್ರಾಂ ಒಳಗಿದ್ದರೆ ಸರಿ. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ.

ನನ್ನ ಕೇಳಿದರೆ, ಎಲ್ಲರೂ ಬಿಡುವ ಹಂತವೇ ಮುಖ್ಯ: ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತಂದು ಇನ್ನೊಂದು ಟ್ಯೂಬಿನಲ್ಲಿ ಹೀಗೇ ಮಾಡಿ. ಅದೂ ಹಳದಿಯಾದರೆ ಕೆಟ್ಟಿರುವುದು ದ್ರಾವಣ, ನಿಮ್ಮ ಬೋರ್ ಅಲ್ಲ. ಬ್ಲೀಚಿಂಗ್ ಪೌಡರ್ ಹಾಕಿದ ನೀರಿನ ಕ್ಲೋರಿನ್ ಕೂಡ ಬಣ್ಣ ತಿನ್ನುತ್ತದೆ, ಇಲ್ಲದ ಫ್ಲೋರೈಡ್ ತೋರಿಸುತ್ತದೆ. ಪಟಿಕ (ಆಲಂ) ಹಾಕಿದ ನೀರಿನಲ್ಲಿ ಉಲ್ಟಾ: ಅದರಲ್ಲಿನ ಅಲ್ಯುಮಿನಿಯಂ, ಫ್ಲೋರೈಡನ್ನು ಹಿಡಿದಿಟ್ಟುಕೊಂಡು ಕಡಿಮೆ ತೋರಿಸುತ್ತದೆ.

  

ಕಾರ್ಡು 1.5 ದಾಟಿದರೆ ಅದೇ ಬಾಟಲಿಯನ್ನು ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕೊಡಿ. ಅಲ್ಲಿಯವರೆಗೆ ಕುಡಿಯಲು, ಅಡುಗೆಗೆ ಆರ್‌ಒ ನೀರು ಬಳಸಿ. ಸುಮ್ನೆ ಕುದಿಸುತ್ತಾ ಕೂರಬೇಡಿ. ನೀರು ಆವಿಯಾಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿದು, ಉಳಿದ ನೀರಿನಲ್ಲಿ ಅದರ ಪ್ರಮಾಣ ಇನ್ನಷ್ಟು ಹೆಚ್ಚುತ್ತದೆ.