ಎರಡಕ್ಕೆ ಎರಡು, ಮೂರಕ್ಕೆ ಮೂರು

ಹಳೇ ಹುಬ್ಬಳ್ಳಿಯ ಗುಜರಿ ಅಂಗಡಿಯೊಂದರಲ್ಲಿ ತಗಡಿನ ರಾಶಿಯ ಮೇಲೆ ವಿಟಿ220 ಟರ್ಮಿನಲ್ ಕುಳಿತಿತ್ತು: ಬೇರೊಂದು ಕಂಪ್ಯೂಟರಿಗೆ ತಂತಿಯಿಂದ ಜೋಡಿಸಿ ಬಳಸುವ ಪರದೆ. ನಾನು ಬೆಲೆ ಕೇಳುವ ಮೊದಲೇ ಅಂಗಡಿಯವರು ಎಚ್ಚರಿಸಿದರು: "ಇದು ಟಿ.ವಿ. ಅಲ್ಲರೀ, ಚಾನೆಲ್ ಬರುವುದಿಲ್ಲ." 1983ರಲ್ಲಿ ಬಂದ ಮಾದರಿ. ಕೀಲಿಮಣೆಯೂ ಜೊತೆಗಿದ್ದದ್ದು ನನ್ನ ಪುಣ್ಯ. ಚಿಗರಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಧಾರವಾಡಕ್ಕೆ ತಂದೆ.

ನನ್ನ ಲಿನಕ್ಸ್ ಲ್ಯಾಪ್‌ಟಾಪಿಗೆ ಇದನ್ನು ಜೋಡಿಸಿ ಲಾಗಿನ್ ಆಗುವ ಆಸೆ. ಲಿನಕ್ಸ್ ಕಡೆಯ ಕೆಲಸಕ್ಕೆ ಹೆದರಿದ್ದೆ. ಆದರೆ ಎರಡು ದಿನ ತಿಂದದ್ದು ಮೂರು ತಂತಿಗಳು.

ಲ್ಯಾಪ್‌ಟಾಪಿಗೆ ಯುಎಸ್‌ಬಿಯ ಆರ್‌ಎಸ್-232 (ಹಳೆಯ ಸೀರಿಯಲ್ ಪೋರ್ಟ್) ಅಡಾಪ್ಟರ್ ಕೊಂಡೆ. (ಸಣ್ಣ ಬೋರ್ಡುಗಳಿಗೆ ಬಳಸುವ 3.3 ವೋಲ್ಟಿನದನ್ನು ಕೊಳ್ಳಬೇಡಿ, ಟರ್ಮಿನಲ್ಲಿನ ವೋಲ್ಟೇಜಿಗೆ ಅದು ಸುಟ್ಟುಹೋಗಬಹುದು.) ಅಡಾಪ್ಟರಿನಲ್ಲಿ 9 ಪಿನ್, ಟರ್ಮಿನಲ್ಲಿನಲ್ಲಿ 25. ಒಂದರ ಬಾಯಿ ಇನ್ನೊಂದರ ಕಿವಿಗೆ ಸೇರಬೇಕು, ಆದ್ದರಿಂದ 2 ಮತ್ತು 3ನ್ನು ಅದಲುಬದಲು ಮಾಡಬೇಕು ಎಂದು ಎಂದೋ ಕಲಿತ ಪಾಠ ನೆನಪಿತ್ತು. ಹಾಗೆಯೇ ಬೆಸುಗೆ ಹಾಕಿದೆ. ಪರದೆಯಲ್ಲಿ ಕರ್ಸರ್ ಮಿಟುಕಿದ್ದು ಬಿಟ್ಟರೆ ಒಂದು ಅಕ್ಷರವೂ ಬರಲಿಲ್ಲ. ವೇಗ ಬದಲಿಸಿದೆ, ಬೆಸುಗೆ ಬಿಚ್ಚಿ ಮತ್ತೆ ಹಾಕಿದೆ, ಅಡಾಪ್ಟರನ್ನು ಬೈದೆ.

ಮರುದಿನ ಬುದ್ಧಿ ಬಂತು. ಕೇಬಲ್ ಕಿತ್ತು, ಟರ್ಮಿನಲ್ಲಿನ 2 ಮತ್ತು 3ನೇ ಪಿನ್ನುಗಳನ್ನು ತುಂಡು ತಂತಿಯಿಂದ ಜೋಡಿಸಿ ಕೀಲಿ ಒತ್ತಿದೆ. ಒತ್ತಿದ ಅಕ್ಷರ ಪರದೆಯ ಮೇಲೆ ಬಂತು. ಅಡಾಪ್ಟರಿಗೂ ಇದೇ ಪರೀಕ್ಷೆ, ಅದೂ ಪಾಸು. ಹಾಗಾದರೆ ತಪ್ಪು ನನ್ನ ಕೇಬಲ್ಲಿನದೇ. 25 ಪಿನ್ನಿನಲ್ಲಿ 2 ಹೇಳುವುದು, 3 ಕೇಳುವುದು. 9 ಪಿನ್ನಿನಲ್ಲಿ 2 ಕೇಳುವುದು, 3 ಹೇಳುವುದು. ಅದಲುಬದಲು ಅಂಕಿಗಳಲ್ಲೇ ಆಗಿಹೋಗಿತ್ತು, ನಾನು ಅದನ್ನು ಮತ್ತೆ ತಿರುಗಿಸಿ ಕೆಡಿಸಿದ್ದೆ. 2ಕ್ಕೆ 2, 3ಕ್ಕೆ 3, ಗ್ರೌಂಡ್ ಮಾತ್ರ 5ರಿಂದ 7ಕ್ಕೆ.

ಉಳಿದದ್ದು ಅರ್ಧ ಗಂಟೆಯ ಕೆಲಸ. ಎಫ್3 ಒತ್ತಿದರೆ ಸೆಟ್‌ಅಪ್: ವೇಗ 9600, 8 ಬಿಟ್, ಪ್ಯಾರಿಟಿ (ತಪ್ಪು ಹಿಡಿಯುವ ಹೆಚ್ಚುವರಿ ಬಿಟ್) ಇಲ್ಲ, ಎಕ್ಸಾನ್-ಎಕ್ಸಾಫ್ (‘ಕಳಿಸು’, ‘ತಡಿ’ ಎಂಬ ಸಂಕೇತಗಳು) ಇರಲಿ. ಮೂರೇ ತಂತಿಯಾದ್ದರಿಂದ ಮೋಡೆಮ್ ಕಂಟ್ರೋಲ್ (ಹೆಚ್ಚುವರಿ ತಂತಿಗಳ ಸಂಕೇತ) ಬೇಡ. ಲಿನಕ್ಸಿನಲ್ಲಿ ಸಿಸ್ಟಮ್‌ಡಿಯ (ಸೇವೆಗಳನ್ನು ನಡೆಸುವ ವ್ಯವಸ್ಥೆ) ಸೀರಿಯಲ್-ಗೆಟ್ಟಿ ಎಂಬ, ಲಾಗಿನ್ ಕೇಳುವ ಸೇವೆಯನ್ನು ಆ ಪೋರ್ಟಿಗೆ ಚಾಲೂ ಮಾಡಿ, ವೇಗವನ್ನು 9600ಕ್ಕೆ ಕಟ್ಟಿಹಾಕಿದೆ. ಸೇವೆಯನ್ನು ತಿದ್ದುವಾಗ, ಯಾವ ಆಜ್ಞೆ ಓಡಿಸಬೇಕೆಂದು ಹೇಳುವ ಸಾಲಿಗೆ ಮೊದಲು ಒಂದು ಖಾಲಿ ಎಕ್ಸೆಕ್‌ಸ್ಟಾರ್ಟ್ ಸಾಲು ಬರೆದು ಆಮೇಲೆ ಹೊಸದನ್ನು ಬರೆಯಬೇಕು, ಇಲ್ಲವಾದರೆ ಎರಡು ಸಾಲುಗಳಾದವೆಂದು ಸೇವೆ ಏಳುವುದೇ ಇಲ್ಲ. ಕಿತ್ತಳೆ ಬಣ್ಣದಲ್ಲಿ ಲಾಗಿನ್ ಮೂಡಿತು. ಈ ಕೀಲಿಮಣೆಯಲ್ಲಿ ಎಸ್ಕೇಪ್ ಕೀಲಿ ಇಲ್ಲ, ವಿಐ ಎಂಬ ಪಠ್ಯ ಸಂಪಾದಕ ಬಳಸುವವರು ಕಂಟ್ರೋಲ್ ಮತ್ತು ತೆರೆಯುವ ಚೌಕ ಆವರಣ ‘[’ ಒತ್ತಬೇಕು.

ಸಂಜೆ ಕಡತಗಳ ಪಟ್ಟಿ ತೆರೆದೆ. ‘ಛಾಯಾಚಿತ್ರ’ ಎಂಬ ಫೋಲ್ಡರಿನ ಹೆಸರು ಬರುತ್ತಲೇ ಪರದೆ ಚೆಲ್ಲಾಪಿಲ್ಲಿಯಾಯಿತು. ಯುನಿಕೋಡ್ ಅಕ್ಷರಗಳನ್ನು ಬೈಟುಗಳಾಗಿಸುವ ಯುಟಿಎಫ್-8ರಲ್ಲಿ ‘ಛ’ ಅಕ್ಷರದ ಕೊನೆಯ ಬೈಟ್ 155. ಟರ್ಮಿನಲ್ಲಿಗೆ ಅದೇ 155 ಎಂದರೆ ‘ಮುಂದೆ ಬರುವುದು ಆಜ್ಞೆ’. ಯುನಿಕೋಡಿನ ಮೊದಲ ಆವೃತ್ತಿ ಬಂದದ್ದೇ 1991ರಲ್ಲಿ, ಪಾಪ ಇದಕ್ಕೆ ಹೇಗೆ ಗೊತ್ತಿರಬೇಕು! ಆ ಲಾಗಿನ್ನಿಗೆ ಮಾತ್ರ ಭಾಷೆಯನ್ನು ‘ಸಿ’ (ಬರೀ ಇಂಗ್ಲಿಷ್ ಅಕ್ಷರಗಳು) ಎಂದು ಇಟ್ಟೆ. ಕನ್ನಡದ ಹೆಸರುಗಳು ಈಗ ಅಂಕಿಗಳ ಸರವಾಗಿ ಕಾಣುತ್ತವೆ, ಪರದೆ ಮಾತ್ರ ತೆಪ್ಪಗಿದೆ.